ರಾಯಚೂರಿನ ಬೇಸಿಗೆಗೆ ಒಂದು ಇನ್‌ಕ್ಯುಬೇಟರ್

ಸೆರಾಷಿಯಾ ಮಾರ್ಸೆಸೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. 25ರಿಂದ 30 ಡಿಗ್ರಿಯಲ್ಲಿ ಬೆಳೆಸಿದರೆ ಕೆಂಪಗೆ ಬರುತ್ತದೆ, 37ರಲ್ಲಿ ಬೆಳೆಸಿದರೆ ಬೆಳ್ಳಗೆ. ಡಿಗ್ರಿ ಕಾಲೇಜಿನ ಮಕ್ಕಳಿಗೆ ತೋರಿಸೋಕೆ ಇಷ್ಟು ಚೆಂದದ ಪ್ರಾಕ್ಟಿಕಲ್ ಇನ್ನೊಂದಿಲ್ಲ. ಬ್ಯಾಕ್ಟೀರಿಯಾ ಸವರಿದ ಒಂದು ಪ್ಲೇಟ್ ಇನ್‌ಕ್ಯುಬೇಟರ್ (ಒಂದೇ ಬಿಸಿ ಕಾಯುವ ಪೆಟ್ಟಿಗೆ) ಒಳಗೆ 37ರಲ್ಲಿ, ಇನ್ನೊಂದು ಹೊರಗೆ ಟೇಬಲ್ ಮೇಲೆ ‘ರೂಮ್ ಟೆಂಪರೇಚರ್’ನಲ್ಲಿ, ಎರಡು ದಿನ ಕಾದರೆ ಸಾಕು.

ನಾನು ಪಾಠ ಮಾಡುವುದು ರಾಯಚೂರಿನಲ್ಲಿ. ಏಪ್ರಿಲ್ ಕೊನೆಯಲ್ಲಿ ಈ ಪ್ರಾಕ್ಟಿಕಲ್ ಇಟ್ಟುಕೊಂಡಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಎರಡೂ ಪ್ಲೇಟ್ ಬೆಳ್ಳಗೆ! ಕಲ್ಚರ್, ಅಂದರೆ ನಾವು ಬೆಳೆಸಿಟ್ಟ ಬ್ಯಾಕ್ಟೀರಿಯಾ, ಕೆಟ್ಟಿರಬೇಕು ಅಂದುಕೊಂಡೆ. ಆದರೂ ಮನಸ್ಸು ಒಪ್ಪದೆ ಅದೇ ಕಲ್ಚರಿನಿಂದ ಇನ್ನೊಂದು ಪ್ಲೇಟ್ ಹಾಕಿ, ಸುತ್ತ ಸೀಲ್ ಮಾಡಿ, ಹಗಲೂ ರಾತ್ರಿ ಎಸಿ ಓಡುವ ಸರ್ವರ್ ಕೋಣೆಯಲ್ಲಿ ಇಟ್ಟು ಬಂದೆ. ಅಲ್ಲಿ ಕೆಂಪಗೆ ಬಂತು. ಕಲ್ಚರ್ ಚೆನ್ನಾಗಿಯೇ ಇತ್ತು. ನಮ್ಮ ಲ್ಯಾಬಿನ ಕೋಣೆಯೇ 38, 39 ಡಿಗ್ರಿ ಇತ್ತು, ಅಷ್ಟೇ.

ಆಮೇಲೆ ಇನ್‌ಕ್ಯುಬೇಟರ್ ಮೇಲೂ ಅನುಮಾನ ಬಂತು. ಸಣ್ಣ ಬಾಟಲಿಯಲ್ಲಿ ಗ್ಲಿಸರಿನ್ ತುಂಬಿ, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ, ಒಳಗಿನ ಮೂರು ಶೆಲ್ಫಿಗೂ ಒಂದೊಂದು ಇಟ್ಟೆ. ಗ್ಲಿಸರಿನ್ ಯಾಕೆ ಅಂದರೆ, ಬಾಗಿಲು ತೆಗೆದ ಕೂಡಲೇ ಗಾಳಿಯ ಬಿಸಿ ಬದಲಾಗುತ್ತದೆ, ಗ್ಲಿಸರಿನ್ ಅಷ್ಟು ಬೇಗ ಬದಲಾಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಕೆಳಗೆ 40, ಮೇಲಿನ ಶೆಲ್ಫಿನಲ್ಲಿ 41. ಗುಂಡಿ ಮಾತ್ರ 37ಕ್ಕೇ ತಿರುಗಿಸಿತ್ತು. ಹೀಟರಿನ ದೀಪ ಹತ್ತಿರಲೇ ಇಲ್ಲ. ಪಾಪ, ಅದಕ್ಕೆ ಗೊತ್ತಿರುವುದು ಬಿಸಿ ಮಾಡುವುದು ಮಾತ್ರ. ಹೊರಗೇ ಬಿಸಿ ಜಾಸ್ತಿ ಇದ್ದರೆ ಅದು ಸುಮ್ನೆ ಕೂರುತ್ತದೆ.

ನಮ್ಮ ಮಕ್ಕಳಲ್ಲಿ ತುಂಬಾ ಜನ ಮುಂದೆ ಡಯಾಗ್ನೋಸ್ಟಿಕ್ ಲ್ಯಾಬಿಗೆ ಸೇರುತ್ತಾರೆ. ಯಾವ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ ಅಂತ ನೋಡುವ ಪರೀಕ್ಷೆ 35 ಡಿಗ್ರಿ ಆಸುಪಾಸಿನಲ್ಲಿ ಆಗಬೇಕು. ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಇದ್ದರಂತೂ, ಬಿಸಿ 35 ದಾಟಿದರೆ ಅದು ಕಣ್ಣು ತಪ್ಪಿಸಿಬಿಡಬಹುದು, ಔಷಧಿಗೆ ಬಗ್ಗುತ್ತದೆ ಅಂತ ತಪ್ಪು ರಿಪೋರ್ಟ್ ಹೋಗುತ್ತದೆ. ರೋಗಿಗೆ ಕೆಲಸ ಮಾಡದ ಔಷಧಿ ಸಿಗುತ್ತದೆ. ನಾಲ್ಕು ಡಿಗ್ರಿ ಅಂದರೆ ಸಣ್ಣದಲ್ಲ.

ಹೊಸದು ತರಬೇಕು ಅಂತ ಆಯಿತು. ಮೂರು ಕೊಟೇಶನ್ ಬಂದವು. ಕಡಿಮೆ ಬೆಲೆಯದು ನೋಡೋಕೆ ಚೆನ್ನಾಗಿತ್ತು, ಒಳಗೆಲ್ಲ ಸ್ಟೀಲು, ಡಿಜಿಟಲ್ ಡಿಸ್‌ಪ್ಲೇ, ಒಳಗೊಂದು ಗಾಜಿನ ಬಾಗಿಲು. ಬ್ರೋಷರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಆಂಬಿಯೆಂಟ್ ಪ್ಲಸ್ 5ರಿಂದ 70 ಡಿಗ್ರಿ’. ಅಂದರೆ 37 ಬೇಕಿದ್ದರೆ ಕೋಣೆ 32ಕ್ಕಿಂತ ತಣ್ಣಗಿರಬೇಕು. ಬೇಸಿಗೆಯಲ್ಲಿ ನಮ್ಮ ಕೋಣೆ ಎಲ್ಲಿ 32 ಇರುತ್ತದೆ?

ಹೈದರಾಬಾದಿನ ಡೀಲರ್ ಹತ್ತಿರ ಹೋದಾಗ ಷೋರೂಮಿನಲ್ಲಿ ಎಸಿ ಹಾಕಿತ್ತು. ಅಲ್ಲಿ ಯಾವ ಪೆಟ್ಟಿಗೆಯಾದರೂ 37 ನಿಲ್ಲಿಸುತ್ತದೆ, ಅಲ್ವಾ? ಎಸಿ ಆರಿಸಿ ಅಂತ ಕೇಳಿದೆ. ಅವರು ಬೇಸರ ಮಾಡದೆ ಆರಿಸಿದರು, ಎರಡು ಗಂಟೆ ನನ್ನ ಜೊತೆ ಬೆವರುತ್ತಾ ಕೂತರು. ಬ್ಯಾಗಿನಲ್ಲಿ ತಂದಿದ್ದ ಗ್ಲಿಸರಿನ್ ಬಾಟಲಿ ಒಳಗಿಟ್ಟು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡೆ. ಕಂಪ್ರೆಸರ್ ಇರುವ, ಎಲ್ಲರೂ ಬಿಒಡಿ ಇನ್‌ಕ್ಯುಬೇಟರ್ ಅನ್ನುವ ಪೆಟ್ಟಿಗೆ ಮಾತ್ರ 37ರಿಂದ ಅಲ್ಲಾಡಲಿಲ್ಲ. ಅದು ಬಿಸಿಯನ್ನೂ ಮಾಡುತ್ತದೆ, ತಣ್ಣಗೂ ಮಾಡುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಕೊಳಚೆ ನೀರಿನ ಬಿಒಡಿ ಪರೀಕ್ಷೆಗೆ (ಆ ನೀರಿನ ಕೊಳೆಯನ್ನು ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅಂತ ನೋಡುವುದು) 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು, ಅದಕ್ಕೂ ಇದೇ ಸಾಕು.

ಬೆಲೆ ಎರಡು ಪಟ್ಟು. ಕಮಿಟಿಯಲ್ಲಿ ನಾಲ್ಕು ಸಲ ಮಾತಾಡಬೇಕಾಯಿತು. ಕೊನೆಗೆ ಬೆಳ್ಳಗಿನ ಪ್ಲೇಟು, ಕೆಂಪು ಪ್ಲೇಟು ಎರಡರ ಫೋಟೋ ಮುಂದಿಟ್ಟೆ. ಒಪ್ಪಿದರು, ದೊಡ್ಡ ಸೈಜಿನ ಬದಲು ಸಣ್ಣದು ಅಂತ. ನನಗೂ ಅದೇ ಸಾಕಿತ್ತು. ಸ್ಟೆಬಿಲೈಜರನ್ನೂ ಅದೇ ಬಿಲ್ಲಿನಲ್ಲಿ ಸೇರಿಸಿಕೊಂಡೆ, ಕಂಪ್ರೆಸರ್ ಶುರುವಾಗುವಾಗ ಕರೆಂಟ್ ಜೋರಾಗಿ ಎಳೆಯುತ್ತದೆ, ನಮ್ಮ ವೋಲ್ಟೇಜ್ ನಂಬುವ ಹಾಗಿಲ್ಲ. ಒಂದು ತೊಂದರೆ ಇದೆ. ಒಳಗಿನ ಫ್ಯಾನ್ ಗಾಳಿಗೆ ಅಗಾರ್, ಅಂದರೆ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ, ಬೇಗ ಒಣಗುತ್ತದೆ, ನಾಲ್ಕೈದು ದಿನ ಇಡುವ ಪ್ಲೇಟಿನ ಅಂಚು ಬಿರುಕು ಬಿಡುತ್ತದೆ. ಕೆಳಗೊಂದು ತಟ್ಟೆ ನೀರು ಇಡುತ್ತೇವೆ.

ಮುಂದಿನ ಮೇ ತಿಂಗಳಲ್ಲಿ ಅದನ್ನು 28ಕ್ಕೆ ಇಟ್ಟು ಮಕ್ಕಳಿಂದ ಮತ್ತೆ ಸೆರಾಷಿಯಾ ಹಾಕಿಸಿದೆ. ಹೊರಗೆ 42 ಇತ್ತು. ಎರಡನೇ ದಿನ ಬೆಳಿಗ್ಗೆ ನಮ್ಮ ಅಟೆಂಡರ್ ಕಾಕಾ ಬಾಗಿಲು ತೆಗೆದು, ಮುಚ್ಚಿದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಮೇಡಂ, ಕುಂಕುಮ ಕಲಸಿಟ್ಟಂಗ ಅದ ನೋಡ್ರಿ.”