ಬಂಡಿ ನಿಲ್ಲಿಸಲು ಒಂದು ಅಂಗಳ

2024ರ ಜೂನ್ ಎರಡನೆಯ ವಾರ, ಮೃಗಶಿರಾ ಮಳೆ ಹಿಡಿದ ದಿನಗಳಲ್ಲಿ, ಶಿವಮೊಗ್ಗದ ಬಾಡಿಗೆ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ ಹಳೆಯ ಟೆಂಪೋ ಟ್ರಾವೆಲರ್ ಒಂದರಲ್ಲಿ ಸಂಸಾರ ಹೂಡಿದೆ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸವಾದ್ದರಿಂದ, ಮೊಬೈಲ್ ಸಿಗ್ನಲ್ ಇದ್ದಲ್ಲೆಲ್ಲ ಅನ್ನ ಹುಟ್ಟುತ್ತದೆ. ಊರೂರು ಸುತ್ತುವುದೇ ಈ ಬದುಕಿನ ತಿರುಳೆಂದು ಹೊರಡುವಾಗ ನಂಬಿದ್ದೆ. ಆದರೆ ಮಲೆನಾಡಿನಲ್ಲಿ ರಸ್ತೆಯ ಎಡಬಲಕ್ಕೆ ಇರುವುದು ಕಾಡು, ಇಲ್ಲವೇ ತೋಟ, ಇಲ್ಲವೇ ಯಾರದೋ ಮನೆಯಂಗಳ. ಕಾಡಿನಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ, ತೋಟದ ದಾರಿಗಳು ಬಂಡಿ ತಿರುಗಿಸಲಾರದಷ್ಟು ಕಿರಿದು. ಹೀಗಾಗಿ ವರ್ಷವಿಡೀ ನಾನು ಯೋಚಿಸಿದ್ದು ಎಲ್ಲಿಗೆ ಹೋಗಬೇಕೆಂದಲ್ಲ, ಎಲ್ಲಿ ನಿಲ್ಲಬೇಕೆಂದು.

ಮಳೆಗಾಲವನ್ನು ತೀರ್ಥಹಳ್ಳಿಯ ಆಸುಪಾಸಿನಲ್ಲಿ ಕಳೆದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಅಲ್ಲಿಂದ ದೂರವಿಲ್ಲ. ಸೋರಿಕೆಯ ಭಯವಿದ್ದ ನನ್ನನ್ನು ನಿಜವಾಗಿ ಕಾಡಿದ್ದು ಒಳಗಿನ ತೇವ. ಒಂದು ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು ಒಂದೂವರೆ ಲೀಟರಿನಷ್ಟು ನೀರು ಆವಿಯಾಗಿ ಹೊರಬರುತ್ತದೆ. ಅದರ ಜೊತೆಗೆ ನಮ್ಮ ಉಸಿರು, ಒದ್ದೆ ಬಟ್ಟೆ, ಕುದಿಯುವ ಅನ್ನದ ಹಬೆ ಎಲ್ಲವೂ ಸೇರಿ ತಗಡಿನ ಗೋಡೆಯ ಮೇಲೆ ಹನಿಗಟ್ಟಿ ಇಳಿಯುತ್ತವೆ. ಆರಿದ್ರಾ ಮಳೆಯ ಮೂರನೆಯ ದಿನ ಹಾಸಿಗೆ ಮಗುಚಿ ನೋಡಿದರೆ ಅಡಿಭಾಗವೆಲ್ಲ ಬೂಸಲು ಹಿಡಿದಿತ್ತು. ಆಮೇಲೆ ಹಾಸಿಗೆಯ ಕೆಳಗೆ ಮರದ ರೀಪುಗಳನ್ನು ಹೊಡೆದು ಗಾಳಿಯಾಡುವಂತೆ ಮಾಡಿದೆ, ಎಂಥ ಜಡಿಮಳೆಯಲ್ಲೂ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟು ಚಾವಣಿಯ ಫ್ಯಾನ್ ತಿರುಗಲು ಬಿಟ್ಟೆ. ಆದರೆ ಫ್ಯಾನಿಗೆ ವಿದ್ಯುತ್ ಬೇಕಲ್ಲ! 200 ವ್ಯಾಟ್‌ನ ಸೋಲಾರ್ ಫಲಕ ಜನವರಿಯಲ್ಲಿ ದಿನಕ್ಕೆ 800 ವ್ಯಾಟ್-ಅವರ್ ಕೊಟ್ಟರೆ, ಜುಲೈನ ಮಬ್ಬಿನಲ್ಲಿ 100 ದಾಟಿದ ದಿನಗಳೇ ಕಡಿಮೆ. ಫ್ರಿಜ್ ಆರಿಸಿದೆ, ಎಂಜಿನ್ನಿನಿಂದ ಬ್ಯಾಟರಿ ತುಂಬಿಸಿಕೊಳ್ಳಲೆಂದೇ ದಿನ ಬಿಟ್ಟು ದಿನ ಪೇಟೆಗೆ ಹೋಗಿಬರುತ್ತಿದ್ದೆ.

ನಾನು ಬಂಡಿ ನಿಲ್ಲಿಸಿಕೊಂಡಿದ್ದ ಅಡಿಕೆ ಬೆಳೆಗಾರರ ಮನೆಯಲ್ಲಿ ಈ ತೇವಕ್ಕೆ ತಲೆಮಾರುಗಳ ಉತ್ತರವಿತ್ತು. ಬಚ್ಚಲೊಲೆಯ ಬೆಂಕಿ ಮಳೆಗಾಲದುದ್ದಕ್ಕೂ ಆರುವುದಿಲ್ಲ. ಅದರ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುತ್ತದೆ, ಅಟ್ಟದಲ್ಲಿ ಹೊಗೆ ಕುಡಿದ ದಿನಸಿ ಕೆಡದೆ ಉಳಿಯುತ್ತದೆ. ನನ್ನ ಬಟ್ಟೆಗಳೂ ಅದೇ ಗಳುವಿಗೆ ಏರಿದವು. ಇಂಬಳ (ಜಿಗಣೆ) ಕಚ್ಚಿದ ಕಾಲಿಗೆ ಸುಣ್ಣ, ಸಂಜೆಗೆ ಹಲಸಿನ ಹಪ್ಪಳ, ಆಷಾಢದಲ್ಲಿ ಪತ್ರೊಡೆ, ಇವೆಲ್ಲ ಕೇಳದೆಯೇ ಬಂದವು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಸುಣ್ಣ, ಮೈಲುತುತ್ತ ಕದಡಿ ಕೊಡುವ ಕೆಲಸವನ್ನು ನಾನು ವಹಿಸಿಕೊಂಡೆ. ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಭೂಮಿತಾಯಿಯ ಎಡೆಯಾದ ಅಚ್ಚಂಬಲಿಯನ್ನು ಗದ್ದೆಗೆ ಬೀರಲು ಹೊರಟಾಗ ಮನೆಯವರು ಬಂಡಿಯ ಬಾಗಿಲು ತಟ್ಟಿ ನನ್ನನ್ನೂ ಎಬ್ಬಿಸಿದರು.

ಚಳಿಗಾಲ ಸಲೀಸಾಗಿತ್ತು. ಕವಲೇದುರ್ಗ, ಬಿದನೂರು ನಗರ, ಇಕ್ಕೇರಿಗಳನ್ನು ಆತುರವಿಲ್ಲದೆ ನೋಡಿದೆ. ಎಚ್ಚರ ಬೇಕಾದದ್ದು ಉಣುಗುಗಳ ವಿಷಯದಲ್ಲಿ ಮಾತ್ರ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಇವುಗಳಿಂದ, ಅದೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಆದ್ದರಿಂದ ತರಗೆಲೆ ಬಿದ್ದ ನೆರಳು ಎಷ್ಟೇ ಕರೆದರೂ ಅಲ್ಲಿ ನಿಲ್ಲಿಸದೆ, ಗುಡಿಸಿದ ಅಂಗಳವನ್ನೇ ಹುಡುಕುತ್ತಿದ್ದೆ.

ಮೇ ತಿಂಗಳಲ್ಲಿ ಲಾಂಚಿನ ಮೇಲೆ ಬಂಡಿಯನ್ನು ಹತ್ತಿಸಿಕೊಂಡು ಶರಾವತಿ ಹಿನ್ನೀರು ದಾಟಿ ತುಮರಿಯ ಕಡೆಗೆ ಹೋದೆ. ಮುಂದೆ ಜುಲೈ 2025ರಲ್ಲಿ ಅಲ್ಲಿ ಸೇತುವೆ ತೆರೆಯಿತು. 1964ರ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ನೀರು ತುಂಬಿದಾಗ ಮುಳುಗಿದ ನೆಲ ಬೇಸಿಗೆಯಲ್ಲಿ ಅಂಚಿನಿಂದ ಒಂದಿಷ್ಟು ಮೇಲೇಳುತ್ತದೆ. ಕಪ್ಪಾದ ಮರದ ಬೊಡ್ಡೆಗಳು ಸಾಲುಸಾಲಾಗಿ ಕಾಣುತ್ತವೆ. ಅಲ್ಲಿ ನಿಂತು ನೋಡುತ್ತಿದ್ದಾಗ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪಕ್ಕಕ್ಕೆ ಬಂದು, ಯಾವೂರು ಎಂದು ಕೇಳಿದರು. ಈ ಬಂಡಿಯೇ ಮನೆ ಎಂದೆ. ಅವರು ಬಹಳ ಹೊತ್ತು ನನ್ನ ಬಂಡಿಯನ್ನು ನೋಡಿ, ನಂತರ ನೀರಿನ ಕಡೆಗೆ ಕೈ ಚಾಚಿ, "ನಮ್ಮ ಅಂಗಳ ಅಲ್ಲಿತ್ತು" ಎಂದರು. ಮನೆಯನ್ನು ಇಷ್ಟಪಟ್ಟು ಬಿಟ್ಟುಬಂದ ನನಗೆ, ಬಿಡಿಸಲ್ಪಟ್ಟವರ ಎದುರು ಆಡಲು ಮಾತು ಹೊಳೆಯಲಿಲ್ಲ.

ಅಂದು ರಾತ್ರಿ ಅವರ ಈಗಿನ ಮನೆಯ ಮುಂದೆಯೇ ಬಂಡಿ ನಿಂತಿತು. ಒಳಗೆ ಹೋಗುವ ಮುನ್ನ ಅವರು ಮತ್ತೆ ಹೊರಬಂದು, "ಹಲಸಿನ ಮರದ ಬುಡದಲ್ಲಿ ಬೇಡ, ಗಾಳಿಮಳೆಗೆ ಕೊಂಬೆ ಮುರೀತದೆ, ಈಚೆ ತಗೊಳ್ಳಿ" ಎಂದು ಹೇಳಿ, ನಾನು ಬಂಡಿ ಸರಿಸಿ ನಿಲ್ಲಿಸುವ ತನಕ ಬ್ಯಾಟರಿ ಬಿಟ್ಟು ದಾರಿ ತೋರಿಸುತ್ತ ನಿಂತಿದ್ದರು.