ಕಪ್ಪು ಬಣ್ಣದ ಕೆಳಗಿನ ಖಾಕಿ

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಮೋಟರ್‌ಸೈಕಲ್ಲುಗಳು ನಮ್ಮಲ್ಲಿ ದುರಸ್ತಿಯಾಗಿ ಹೊರಬರುವಾಗ ಬಹುಪಾಲು ಒಂದೇ ಬಣ್ಣ ಹೊತ್ತಿರುತ್ತವೆ. ಹಳೆಯ ಜೀಪುಗಳಿಗೆ ಹೊಡೆಯುವ ಗಾಢವಾದ ಆಲಿವ್ ಹಸಿರು ಅದು. ಬ್ರಿಟಿಷ್ ಸೇನೆ ತನ್ನ ವಾಹನಗಳಿಗೆ ಆ ಹಸಿರನ್ನು ಗೊತ್ತುಪಡಿಸಿದ್ದು 1944ರಲ್ಲಿ. ಅದಕ್ಕೆ ಹಿಂದಿನ ಕೆಲವು ವರ್ಷ ಕಂದು ಬಣ್ಣ ನಡೆಯುತ್ತಿತ್ತು, ಯುದ್ಧದ ಆರಂಭದಲ್ಲಿ ‘ಖಾಕಿ ಗ್ರೀನ್ ನಂಬರ್ 3’ ಎಂಬ ಮಾಸಲು ಬಣ್ಣವಿತ್ತು. ಚಿಕ್ಕಮಗಳೂರಿನ ಆಲ್ದೂರು ಕಡೆಯ ಕಾಫಿ ತೋಟವೊಂದರ ಗೋದಾಮಿನಲ್ಲಿ ನನಗೆ ಸಿಕ್ಕ, ಬಿಎಸ್ಎ ಎಂಬ ಬ್ರಿಟಿಷ್ ಕಂಪನಿಯ ಎಂ20 ಮಾದರಿಯ ಮೋಟರ್‌ಸೈಕಲ್ಲು ಈ ಆರಂಭದ ಕಾಲಕ್ಕೆ ಸೇರಿದ ಗಾಡಿ. ಅದನ್ನು ಓಡುವ ಸ್ಥಿತಿಗೆ ತರುವುದಕ್ಕಿಂತ, ಅದರ ಬದುಕಿನ ಯಾವ ಹಂತಕ್ಕೆ ಅದನ್ನು ಮರಳಿಸಬೇಕು ಎಂದು ತೀರ್ಮಾನಿಸುವುದೇ ನನಗೆ ಹೆಚ್ಚು ಕಷ್ಟವಾಯಿತು.

ವಾಲ್ ಪೇಜ್ ಎಂಬ ವಿನ್ಯಾಸಕಾರರು ರೂಪಿಸಿದ ಎಂ20 ಮಾರುಕಟ್ಟೆಗೆ ಬಂದದ್ದು 1937ರಲ್ಲಿ. 496 ಸಿಸಿಯ ಒಂದೇ ಸಿಲಿಂಡರು, ಸಿಲಿಂಡರಿನ ಪಕ್ಕದಲ್ಲೇ ನಿಂತಿರುವ ವಾಲ್ವುಗಳು, ಸುಮಾರು 13 ಅಶ್ವಶಕ್ತಿ. ಮುಂದೆ ಚಕ್ರವನ್ನು ಹಿಡಿದ ಹಳೆಯ ಮಾದರಿಯ ಗರ್ಡರ್ ಫೋರ್ಕು, ಹಿಂದೆ ಸ್ಪ್ರಿಂಗೇ ಇಲ್ಲದ ಗಟ್ಟಿ ಚೌಕಟ್ಟು. ಭಾರ ಹೆಚ್ಚು, ನೆಲದಿಂದ ಎತ್ತರ ಕಡಿಮೆ ಎಂದು ದೂರು ಬಂದರೂ ಸೇನೆ ಅದನ್ನು ಬಿಡಲಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಇಂಧನದ ಮಿಶ್ರಣವನ್ನು ಒತ್ತುವ ಪ್ರಮಾಣ, ಕಡಿಮೆಯಿದ್ದುದರಿಂದ ಎಂಥ ಕಳಪೆ ಪೆಟ್ರೋಲಿನಲ್ಲಿಯೂ ಅದು ಓಡುತ್ತಿತ್ತು, ಕೆಟ್ಟರೆ ರಸ್ತೆಯ ಬದಿಯಲ್ಲೇ ಸರಿಪಡಿಸಬಹುದಾಗಿತ್ತು. ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ 1940ರ ನವೆಂಬರಿನಲ್ಲಿ ಬಾಂಬು ಬಿದ್ದು 53 ಕಾರ್ಮಿಕರು ಸತ್ತರು; ಅದಾದ ಮೇಲೂ ತಯಾರಿಕೆ ಮುಂದುವರಿದು, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,26,000 ಎಂ20ಗಳು ಸೇನೆಗೆ ಹೋಗಿದ್ದವು. ಇಷ್ಟೊಂದು ಸಂಖ್ಯೆಯಲ್ಲಿ ತಯಾರಾದರೂ ಆರಂಭದ ಗಾಡಿಗಳು ಅಪರೂಪ. 1940ರ ಬೇಸಿಗೆಯಲ್ಲಿ ಡನ್‌ಕರ್ಕ್‌ನಿಂದ ಹಿಂದೆ ಸರಿದ ಬ್ರಿಟಿಷ್ ಸೈನ್ಯ ಎಲ್ಲ ಕಂಪನಿಗಳದ್ದೂ ಸೇರಿ 20,000ದಷ್ಟು ಮೋಟರ್‌ಸೈಕಲ್ಲುಗಳನ್ನು ಫ್ರಾನ್ಸಿನಲ್ಲೇ ಬಿಟ್ಟುಬಂದದ್ದು ಇದಕ್ಕೆ ಒಂದು ಮುಖ್ಯ ಕಾರಣ.

ಯುದ್ಧ ಮುಗಿದ ಮೇಲೆ ಸೇನೆಯ ಹೆಚ್ಚುವರಿ ವಾಹನಗಳು ಡಿಸ್ಪೋಸಲ್ ಹರಾಜುಗಳಲ್ಲಿ ಮಾರಾಟವಾದವು. ಮಲೆನಾಡಿನ ಹಲವು ತೋಟಗಳಿಗೆ ಜೀಪು ಬಂದದ್ದು ಹೀಗೆಯೇ; ಈ ಎಂ20 ಕೂಡ ಹಾಗೆ ಬಂದದ್ದೆಂದು ತೋಟದ ಹಳೆಯ ಲೆಕ್ಕದ ಪುಸ್ತಕ ಹೇಳುತ್ತದೆ. ತೋಟದ ಈಗಿನ ಹಿರಿಯರು ಅದನ್ನು ನನಗೆ ಒಪ್ಪಿಸುವಾಗ, “ನಮ್ಮ ಅಪ್ಪಯ್ಯ ಇದರಲ್ಲೇ ಮೂಡಿಗೆರೆಗೆ ಹೋಗಿ ಬರ್ತಿದ್ರು ಮಾರಾಯ. ಬ್ಯಾಟರಿ ಕಳಚಿ ಮನೇಲಿಟ್ರೂ ಓಡೋ ಗಾಡಿ ಅಂತ ಹೇಳ್ತಿದ್ರು” ಎಂದರು. ಅವರ ಅಪ್ಪಯ್ಯನವರ ಮಾತು ನಿಜ. ಇದರಲ್ಲಿ ಲೂಕಾಸ್ ಕಂಪನಿಯ ಮ್ಯಾಗ್ಡೈನೊ ಇದೆ: ಕಿಡಿ ಕೊಡುವ ಮ್ಯಾಗ್ನೆಟೊ ಮತ್ತು ದೀಪಕ್ಕೆ ವಿದ್ಯುತ್ ಕೊಡುವ ಡೈನಮೊ ಒಟ್ಟಿಗೇ ಕೂತಿದ್ದರೂ ಅವುಗಳ ಕೆಲಸ ಬೇರೆ ಬೇರೆ. ಬ್ಯಾಟರಿ ಸತ್ತರೆ ದೀಪ ಹೋಗುತ್ತದೆ, ಇಂಜಿನ್ ನಿಲ್ಲುವುದಿಲ್ಲ.

ಗಾಡಿ ಯಾವ ಕಾಲದ್ದೆಂದು ತಿಳಿಯಲು ಮೊದಲು ಸಂಖ್ಯೆಗಳನ್ನು ನೋಡಬೇಕು. ಸಿಲಿಂಡರಿನ ಬುಡದಲ್ಲಿ, ಇಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಮೇಲೂ ಚೌಕಟ್ಟಿನ ಮೇಲೂ ‘ಡಬ್ಲ್ಯುಎಂ20’ ಎಂಬ ಗುರುತಿನ ಮುಂದೆ ಸಂಖ್ಯೆ ಇರುತ್ತದೆ. ಯುದ್ಧಕಾಲದ ಬಿಎಸ್ಎಗಳಲ್ಲಿ ಇಂಜಿನ್ ಸಂಖ್ಯೆಗೂ ಚೌಕಟ್ಟಿನ ಸಂಖ್ಯೆಗೂ ಹೊಂದಿಕೆ ಇರುತ್ತಿರಲಿಲ್ಲ. ಇದನ್ನು ತಿಳಿಯದವರು ‘ಇಂಜಿನ್ ಬದಲಾಗಿದೆ’ ಎಂದು ಒಳ್ಳೆಯ ಗಾಡಿಗಳನ್ನೇ ತಿರಸ್ಕರಿಸುವುದನ್ನು ನಾನು ಕಂಡಿದ್ದೇನೆ. ಸಂಖ್ಯೆಗಳಿಗಿಂತ ನನಗೆ ಹೆಚ್ಚು ನಂಬಿಕೆ ಬಂದದ್ದು ರಬ್ಬರಿನ ಮೇಲೆ. 1942ರ ಆರಂಭದಲ್ಲಿ ಮಲಯ ಮತ್ತು ಸಿಂಗಪುರ ಜಪಾನೀಯರ ವಶವಾದ ಮೇಲೆ ಬ್ರಿಟನ್ನಿಗೆ ರಬ್ಬರಿನ ಕೊರತೆ ಬಿತ್ತು. ಅನಂತರದ ಎಂ20ಗಳಲ್ಲಿ ಹಿಡಿಕೆಗೆ ಕ್ಯಾನ್ವಾಸ್ ಬಂತು, ಕಾಲಿಡುವ ಜಾಗದಲ್ಲಿ ಬರಿಯ ಉಕ್ಕು ಉಳಿಯಿತು, ಟ್ಯಾಂಕಿನ ಎರಡೂ ಬದಿಯ ಮೊಣಕಾಲು ಪ್ಯಾಡುಗಳು ಇಲ್ಲವಾದವು. ನಮ್ಮ ಗಾಡಿಯ ಟ್ಯಾಂಕಿನಲ್ಲಿ ಆ ಪ್ಯಾಡುಗಳನ್ನು ಕೂರಿಸುವ ರಂಧ್ರಗಳಿದ್ದವು, ಒಂದರಲ್ಲಿ ಮುರಿದ ಸ್ಕ್ರೂ ಕೂಡ ಸಿಕ್ಕಿಕೊಂಡಿತ್ತು. ಹೆಡ್‌ಲ್ಯಾಂಪ್ ಹಳೆಯ ಎಂಟು ಇಂಚಿನದು. ಮುಂದಿನ ವರ್ಷಗಳಲ್ಲಿ ಮರುಭೂಮಿಯ ದೂಳಿಗೆಂದು ಟ್ಯಾಂಕಿನ ಮೇಲೆ ಕೂರಿಸಿದ ವೋಕ್ಸ್ ಏರ್ ಫಿಲ್ಟರಿನ ದೊಡ್ಡ ಡಬ್ಬಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ಆದರೆ ಫುಟ್‌ರೆಸ್ಟುಗಳು ಮಾತ್ರ ಉಕ್ಕಿನವು, ಅಂದರೆ 1942ರ ಈಚಿನವು. ಸೇನೆಯ ವರ್ಕ್‌ಶಾಪುಗಳು ಕೈಗೆ ಸಿಕ್ಕ ಭಾಗ ಹಾಕಿ ಗಾಡಿ ಹೊರಡಿಸುತ್ತಿದ್ದವು. ಹಾಗಾಗಿ ಅವನ್ನು ತೆಗೆದು ರಬ್ಬರಿನವನ್ನು ಹಾಕಲು ನನಗೆ ಮನಸ್ಸು ಬರಲಿಲ್ಲ.

ಬಣ್ಣದ ಪ್ರಶ್ನೆ ಎದುರಾದದ್ದು ಇಲ್ಲಿಯೇ. ತೋಟದವರು ಗಾಡಿಗೆ ಕಪ್ಪು ಬಣ್ಣ ಹೊಡೆಸಿದ್ದರು, ಅದರ ಕೆಳಗೆ ಇನ್ನೊಂದು ಹಳೆಯ ಪದರವಾಗಿ ಮರೂನ್ ಇತ್ತು. ಪೇಂಟಿಂಗ್ ಅಂಗಡಿಯ ಹುಡುಗ, “ಸ್ಯಾಂಡ್ ಬ್ಲಾಸ್ಟ್ ಮಾಡ್ಸಿ ಮಿಲಿಟರಿ ಹಸಿರು ಹೊಡ್ದುಬಿಡೋಣ ಸಾರ್, ಹೊಸ ಬುಲೆಟ್ ಥರ ಕಾಣುತ್ತೆ” ಎಂದ. ಹೊಸ ಬುಲೆಟ್ಟಿನಂತೆ ಕಾಣಬೇಕಾದರೆ ಹೊಸ ಬುಲೆಟ್ಟನ್ನೇ ಕೊಳ್ಳಬಹುದಲ್ಲ! ಚೌಕಟ್ಟು ಮತ್ತು ಮಡ್‌ಗಾರ್ಡುಗಳನ್ನು ತುಕ್ಕು ತಿಂದಿದ್ದರಿಂದ ಅವನ್ನು ಪೂರ್ತಿ ಕೆರೆಸಲೇಬೇಕಾಯಿತು. ಟ್ಯಾಂಕನ್ನು ಮಾತ್ರ ನಾನು ಯಾರಿಗೂ ಕೊಡಲಿಲ್ಲ. ಅತಿ ನಯವಾದ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಬೆರಳಗಲದಷ್ಟು ಜಾಗವನ್ನು ಉಜ್ಜುತ್ತಾ, ಬಣ್ಣ ಬದಲಾದೊಡನೆ ಕೈ ನಿಲ್ಲಿಸುತ್ತಾ ಹೋದೆ. ಕಪ್ಪು ಕಳೆದು ಮರೂನ್ ಬಂತು, ಅದರ ಕೆಳಗೆ ಖಾಕಿ ಕಾಣಿಸಿತು, ಆ ಖಾಕಿಯ ಮೇಲೆ ಕುಂಚದಲ್ಲಿ ಬರೆದ ಬಿಳಿಯ ‘ಸಿ’ ಅಕ್ಷರವೂ ಅದರ ಪಕ್ಕದಲ್ಲಿ ಅಂಕಿಗಳ ತುಣುಕುಗಳೂ ಎದ್ದುಬಂದವು. ಬ್ರಿಟಿಷ್ ಯುದ್ಧ ಇಲಾಖೆ ಮೋಟರ್‌ಸೈಕಲ್ಲುಗಳಿಗೆ ಕೊಡುತ್ತಿದ್ದ ಸಂಖ್ಯೆ ಆರಂಭವಾಗುತ್ತಿದ್ದುದು ಈ ಅಕ್ಷರದಿಂದಲೇ. ಹಾಗಾಗಿ ಟ್ಯಾಂಕ್ ಇವತ್ತಿಗೂ ಅರೆಬರೆ ಖಾಕಿ, ಅಂಚುಗಳಲ್ಲಿ ಮರೂನ್ ಮತ್ತು ಕಪ್ಪು. ಉಳಿದ ಭಾಗಗಳಿಗೆ ಆ ಖಾಕಿಗೇ ಹೊಂದುವ ಹೊಳಪಿಲ್ಲದ ಬಣ್ಣ ಬೆರೆಸಿ ಹೊಡೆಸಿದ್ದೇನೆ. ನೋಡಿದವರಲ್ಲಿ ಅನೇಕರು ಕೆಲಸ ಇನ್ನೂ ಮುಗಿದಿಲ್ಲವೆಂದೇ ಭಾವಿಸುತ್ತಾರೆ.

ಯಂತ್ರದ ವಿಷಯದಲ್ಲಿ ಇಂಥ ಸಂಕೋಚ ಇಟ್ಟುಕೊಳ್ಳಲಿಲ್ಲ. ಓಡುವ ಭಾಗ ಸವೆದಿದ್ದರೆ ಬದಲಿಸಬೇಕು, ಅಷ್ಟೇ. ತೆರೆದುಕೊಂಡಿದ್ದ ವಾಲ್ವಿನ ಮೂಲಕ ಮಳೆಗಾಲದ ತೇವ ಒಳಹೊಕ್ಕು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ವಾರಗಟ್ಟಲೆ ಡೀಸೆಲ್ ತುಂಬಿಟ್ಟ ಮೇಲೆ ಅದು ಅಲುಗಿತು. ಬೋರ್ ಮಾಡಿಸುವುದು, ವಾಲ್ವ್ ಗೈಡುಗಳನ್ನು ಕಡೆಯಿಸುವುದು ಹಾಸನದ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದರಲ್ಲಿ ಆಯಿತು. ಅಲ್ಲಿನ ಹಿರಿಯ ಟರ್ನರ್ ಬೋಲ್ಟುಗಳನ್ನು ನೋಡಿದವರೇ ತಲೆ ಚಚ್ಚಿಕೊಂಡರು. ಈ ಗಾಡಿಯಲ್ಲಿ ಕೆಲವೆಡೆ ಇಂಚಿಗೆ 26 ಸುತ್ತಿನ ಸೈಕಲ್ ಥ್ರೆಡ್ (ಬೋಲ್ಟಿನ ತಿರುಪು), ಇನ್ನು ಕೆಲವೆಡೆ ವಿಟ್‌ವರ್ತ್ ಎಂಬ ಹಳೆಯ ಇಂಗ್ಲಿಷ್ ಮಾದರಿಯ, ಹಲ್ಲಿನ ಕೋನ 55 ಡಿಗ್ರಿಯ ಥ್ರೆಡ್ ಇರುತ್ತದೆ. ಮೆಟ್ರಿಕ್ ಬೋಲ್ಟಿನ ಕೋನ 60 ಡಿಗ್ರಿ. ಹಿಂದಿನ ಮೆಕ್ಯಾನಿಕ್ಕುಗಳು ಮೆಟ್ರಿಕ್ ಬೋಲ್ಟುಗಳನ್ನೇ ಬಲವಂತದಿಂದ ತಿರುಗಿಸಿ ಅಲ್ಯೂಮಿನಿಯಂ ಕೇಸಿನ ಹಲ್ಲುಗಳನ್ನು ಕೆಡಿಸಿದ್ದರು. ಕಾಫಿ ಪಲ್ಪರುಗಳ ಹಳೆಯ ಇಂಗ್ಲಿಷ್ ಇಂಜಿನ್ನುಗಳನ್ನು ಬಿಚ್ಚಿ ಕಟ್ಟಿದ್ದ ಆ ಟರ್ನರ್ ಬಳಿ ವಿಟ್‌ವರ್ತ್ ಪಾನಾಗಳೂ ಟ್ಯಾಪುಗಳೂ ಇದ್ದದ್ದು ನನ್ನ ಪುಣ್ಯ.

ಹೆಚ್ಚು ಸತಾಯಿಸಿದ್ದು ಮ್ಯಾಗ್ನೆಟೊ. ತಣ್ಣಗಿರುವಾಗ ಒಳ್ಳೆಯ ಕಿಡಿ ಕೊಟ್ಟು, ಇಂಜಿನ್ ಕಾಯುತ್ತಿದ್ದಂತೆ ಕಿಡಿ ನಿಲ್ಲಿಸುತ್ತಿತ್ತು. ಮ್ಯಾಗ್ನೆಟೊದೊಳಗೆ ತಿರುಗುವ ಆರ್ಮೆಚರಿನ ತಂತಿಸುರುಳಿಗೆ ಆಗಿನ ಕಾಲದಲ್ಲಿ ಬಳಿಯುತ್ತಿದ್ದ ಅರಗು ತೇವಕ್ಕೂ ಬಿಸಿಗೂ ಮೆತ್ತಗಾಗಿ ಅಂಟಂಟಾಗುತ್ತದೆ. ಜೊತೆಗೆ ಕಂಡೆನ್ಸರ್ ಕೂಡ ಸತ್ತಿತ್ತು. ಬೆಂಗಳೂರಿನಲ್ಲಿ ಹೊಸ ತಂತಿ ಸುತ್ತಿಸಿ, ಅರಗಿನ ಬದಲು ಎಪಾಕ್ಸಿ ತುಂಬಿಸಿದ ಮೇಲೆ ಕೈಮರದಿಂದ ಸೀತಾಳಯ್ಯನಗಿರಿಯ ಏರಿನಲ್ಲಿಯೂ ಅದು ಕಿಡಿ ತಪ್ಪಿಸಲಿಲ್ಲ.

ಹಳೆಯ ನೋಂದಣಿ ಪುಸ್ತಕ ಗೆದ್ದಲಿಗೆ ಆಹಾರವಾಗಿತ್ತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 20,000 ರೂಪಾಯಿ ಶುಲ್ಕದೊಡನೆ ‘ವಿಎ’ ಗುರುತಿನ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ನನ್ನ ಅರ್ಜಿ ಆ ದಾರಿಯಲ್ಲಿದೆ.

ಈಗ ಉಳಿದಿರುವುದು ಎಣ್ಣೆ ಮತ್ತು ಪೆಟ್ರೋಲಿನ ತಂಟೆ. ಗಾಡಿ ಕೆಲವು ದಿನ ನಿಂತರೆ ಎಣ್ಣೆ ಟ್ಯಾಂಕಿನಲ್ಲಿರುವ ಎಣ್ಣೆಯು ಪಂಪಿನ ಬಾಲ್ ವಾಲ್ವನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಹಾಗೆಯೇ ಕಿಕ್ ಮಾಡಿದರೆ ಊರು ತುಂಬ ಹೊಗೆ. ಬಾಲ್ ಕೂರುವ ಸೀಟನ್ನು ಮತ್ತೊಮ್ಮೆ ಕೂರಿಸಬೇಕಾಗಿದೆ. ಪೆಟ್ರೋಲ್ ಕಾಕ್‌ನ ಹಳೆಯ ಬಿರಡೆ ಇವತ್ತಿನ ಎಥನಾಲ್ ಮಿಶ್ರಣಕ್ಕೆ ಒಣಗಿ ಸೋರುತ್ತಿದೆ. ಅದರ ಬದಲಿಗೆ ನೈಟ್ರೈಲ್ ವಾಷರ್ ಕತ್ತರಿಸಿಕೊಡಲು ಹಾಸನದ ಟರ್ನರ್ ಒಪ್ಪಿದ್ದಾರೆ.