ಕಡ್ಡಿ ಫುಲ್ ಅದಾವ, ನೆಟ್ ಬರವಲ್ದು

ವಿಮಾನ ನಿಲ್ದಾಣದ ಟರ್ಮಿನಲ್‌ನಲ್ಲಿ ವೈಫೈ ನೋಡಿಕೊಳ್ಳುವವರಿಗೆ ಇದಕ್ಕಿಂತ ತಲೆನೋವಿನ ದೂರು ಇನ್ನೊಂದಿಲ್ಲ. ಸಿಗ್ನಲ್ ಕಡ್ಡಿಯೇ ಇಲ್ಲ ಅಂದರೆ ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್ (ಎಪಿ), ಹುಡುಕಿಕೊಂಡು ಹೋಗಬಹುದು. ಕಡ್ಡಿ ಇದ್ದೂ ನೆಟ್ ಇಲ್ಲ ಅಂದರೆ?

ನಾನು ಕಲಬುರಗಿಯವನು. ನಮ್ಮ ಭಾಗದ ಒಂದು ಚಿಕ್ಕ ವಿಮಾನ ನಿಲ್ದಾಣದಲ್ಲಿ ಗುತ್ತಿಗೆ ಮೇಲೆ ನೆಟ್‌ವರ್ಕ್ ಕೆಲಸ. ಅವತ್ತು ಬೆಂಗಳೂರಲ್ಲಿ ಮಂಜು, ಬರಬೇಕಾದ ವಿಮಾನ ತಡ. ಅಷ್ಟರಲ್ಲಿ ಮುಂದಿನ ವಿಮಾನದವರೂ ಬಂದು ಕೂತರು. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಒಬ್ಬರು, "ಅಣ್ಣಾ, ಡಾಕ್ಟ್ರಿಗೆ ಮೆಸೇಜ್ ಹಾಕ್ಬೇಕ್ರಿ, ಹೋಗವಲ್ದು" ಅಂತ ಫೋನ್ ಹಿಡಿದು ನನ್ನ ಹಿಂದೆಯೇ ಓಡಾಡುತ್ತಿದ್ದರು. ಅವರ ಸಿಮ್‌ಗೆ ಒಳಗೆ ಸಿಗ್ನಲ್ ಬಂದು ಹೋಗುತ್ತಿತ್ತು, ಅಷ್ಟೇ.

ಮೇಲಿನವರ ಫೋನ್ ಬಂತು. "ಇನ್ನೊಂದೆರಡು ಎಪಿ ಹಾಕಿಬಿಡಿ." ಪ್ರತಿ ಸಲವೂ ಇದೇ ಮದ್ದು. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11, ಮೂರೇ. ಅಷ್ಟು ಚಿಕ್ಕ ಹಾಲ್‌ನಲ್ಲಿ ಎಪಿ ಜಾಸ್ತಿ ಮಾಡಿದರೆ ಒಂದರ ಸಿಗ್ನಲ್ ಮೇಲೆ ಇನ್ನೊಂದರದ್ದು ಬಿದ್ದು ಗದ್ದಲ ಜಾಸ್ತಿ ಆಗುತ್ತದೆ, ಅಷ್ಟೇ.

ಲ್ಯಾಪ್‌ಟಾಪ್ ತೆರೆದು ಗೆಸ್ಟ್ ವೈಫೈಗೆ ಸೇರಿಸಿದೆ. ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, 169.254ರಿಂದ ಶುರು, ಲ್ಯಾಪ್‌ಟಾಪ್ ತಾನೇ ಹಾಕಿಕೊಂಡಿದ್ದು. ಅಂದರೆ ಸೇರಿದವರಿಗೆಲ್ಲ ವಿಳಾಸ ಹಂಚುವ ಡಿಎಚ್‌ಸಿಪಿ ವಿಳಾಸವನ್ನೇ ಕೊಟ್ಟಿಲ್ಲ. ಹಂಚಲು ಇಟ್ಟ ವಿಳಾಸಗಳ ಪೂಲ್ ನೋಡಿದರೆ ಒಂದೂ ಖಾಲಿ ಇಲ್ಲ. /24 ಗಾತ್ರದ ಪೂಲ್, ಇರುವುದೇ ಹೆಚ್ಚೆಂದರೆ 254 ವಿಳಾಸ. ಲೀಸ್, ಅಂದರೆ ಕೊಟ್ಟ ವಿಳಾಸ ಒಬ್ಬರ ಹೆಸರಲ್ಲೇ ಇರುವ ಅವಧಿ, 24 ಗಂಟೆ. ನಿನ್ನೆ ಸಂಜೆ ವಿಮಾನ ಹತ್ತಿ ಹೋದವರ ಫೋನುಗಳೂ ಪಟ್ಟಿಯಲ್ಲಿವೆ. ಬಸ್ ಸೀಟಿಗೆ ಟವೆಲ್ ಹಾಕಿ ಇಳಿದು ಹೋದ ಹಾಗೆ.

ಲೀಸ್ ಒಂದು ಗಂಟೆಗೆ ಇಳಿಸಿದೆ. ಆದರೆ ಅದು ಹೊಸದಾಗಿ ಬರುವವರಿಗೆ ಮಾತ್ರ, ಹಳೆಯ ಲೀಸ್ ಹಾಗೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಒಂದೇ ವಿಳಾಸ ಇಬ್ಬರಿಗೆ ಹೋಗುವ ಭಯ. ಎಪಿಗಳಿಗೆ ಈಗ ಯಾರು ಸೇರಿದ್ದಾರೆ ಅಂತ ತೋರಿಸುವ ಕಂಟ್ರೋಲರ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ಹಾಲ್‌ನಲ್ಲಿ ಇಲ್ಲದ ಮ್ಯಾಕ್‌ಗಳನ್ನು (ಫೋನಿನ ಗುರುತಿನ ಸಂಖ್ಯೆ) ಮಾತ್ರ ತೆಗೆಯುತ್ತಾ ಹೋದೆ. ಸುತ್ತ ಜನ ನಿಂತು ನೋಡುತ್ತಿದ್ದರೆ ಕೈ ನಡುಗುತ್ತದೆ. "ಹೋತ್ರಿ, ಮೆಸೇಜ್ ಹೋತು!" ಅಂತ ಅವರು ಕೂಗಿದ ಮೇಲೆಯೇ ನಾನು ಕುರ್ಚಿಗೆ ಒರಗಿದ್ದು.

ರಾತ್ರಿ ಕೊನೆಯ ವಿಮಾನ ಹೋದ ಮೇಲೆ ಪೂಲ್ /22 ಮಾಡಿದೆವು, 1022 ವಿಳಾಸ. ಹೊಸ ಎಪಿ ಒಂದೂ ಬೇಕಾಗಲಿಲ್ಲ. ಈಗ ಮಾನಿಟರಿಂಗ್ ಪರದೆಯಲ್ಲಿ ಎಪಿಗಳ ಹಸಿರು ದೀಪದ ಜೊತೆ ಖಾಲಿ ವಿಳಾಸಗಳ ಲೆಕ್ಕವೂ ಕಾಣುತ್ತದೆ. ಇದು ಮೊದಲ ದಿನವೇ ಇರಬೇಕಿತ್ತು, ಅಲ್ವಾ?

ವೈಫೈ ಲಾಗಿನ್‌ಗೆ ಬೇಕಾದ ಓಟಿಪಿಯ ತೊಂದರೆ ಮಾತ್ರ ಹಾಗೇ ಇದೆ. ಸಿಮ್‌ಗೆ ಸಿಗ್ನಲ್ ಇಲ್ಲದವರೇ ವೈಫೈ ಕೇಳುತ್ತಾರೆ, ಲಾಗಿನ್ ಆಗಲು ಅವರಿಗೇ ಎಸ್ಸೆಮ್ಮೆಸ್ ಬರಬೇಕು. ಬೋರ್ಡಿಂಗ್ ಪಾಸ್ ತೋರಿಸಿದರೆ ಕೌಂಟರಿನಲ್ಲಿ ಲಾಗಿನ್ ಕೂಪನ್ ಕೊಡೋಣ ಅಂತ ಬರೆದು ಕಳಿಸಿದ್ದೇನೆ. ಮತ್ತೆ ಕೇಳುತ್ತೇನೆ.